ಹೆಸರಿಲ್ಲದ ಪಾಲು

ಅವ್ವ ತೀರಿಕೊಂಡು ಎರಡು ದಿನವಾಗಿತ್ತು. ಇನ್ನೂ ಪಡಸಾಲೆಯ ತೊಲೆಗೆ ತಲೆ ತಾಗಿಸಿಕೊಂಡು, ಕೂತಂತೆಯೇ ತೇಲುತ್ತಿದ್ದಳು. ಸತ್ತವರು ಅರಳೆಯಂತೆ ಹಗುರಾಗಿ ಮೇಲೇರುವುದು, ಹೂಳುವ ಜಾಗದ ಮಣ್ಣನ್ನು ಉಡಿಗೆ ಹಾಕಿದಾಗ ಒಪ್ಪಿಗೆಯಾದರೆ ಇಳಿದು ಬರುವುದು ಊರಿಗೆಲ್ಲ ಗೊತ್ತಿದ್ದದ್ದೇ. ಮಗಳು ಪಾರವ್ವನಿಗೂ ಅವಳ ಅಣ್ಣನಿಗೂ ಮಾತ್ರ, ಅವ್ವನಿಗೆ ಎಲ್ಲಿಯ ಮಣ್ಣು ಎಂಬುದಕ್ಕೇ ಜಗಳ ಹತ್ತಿತ್ತು.

ಅಣ್ಣ ಫಕೀರಪ್ಪ, ಅಪ್ಪನನ್ನು ಹೂಳಿದ ಹೊಲದ ಮಣ್ಣು ತಂದು, ಏಣಿ ಹತ್ತಿ ಉಡಿಗೆ ಹಾಕಿದ. ಅವ್ವ ಇಳಿಯಲಿಲ್ಲ.

"ನಾ ಹೇಳಿರಲಿಲ್ಲೇನು? ಆಕಿಗೆ ತವರು ಬೇಕು" ಎಂದು ಪಾರವ್ವ ಕೊಣ್ಣೂರಿನ ಮಣ್ಣು ತರಿಸಿ ಹಾಕಿದಳು. ಅದಕ್ಕೂ ಅವ್ವ ಇಳಿಯಲಿಲ್ಲ. ಮಣ್ಣು ಸೆರಗಿನಿಂದ ಜಾರಿ ಇಬ್ಬರ ತಲೆಯ ಮೇಲೂ ಉದುರಿತು.

ತಲೆ ಕೊಡವಿಕೊಳ್ಳುತ್ತ ಕೂತಾಗ ಪಾರವ್ವನಿಗೆ ಪಂಚಮಿಯ ಹಾಲು ನೆನಪಾಯಿತು. ಅವ್ವ ಹುತ್ತಕ್ಕೆ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಿದ್ದಳು: ಅಪ್ಪನ ಪಾಲು, ಫಕೀರನ ಪಾಲು, ಪಾರಿಯ ಪಾಲು. ಕೊನೆಗೆ ಉಳಿದ ಒಂದು ಗುಟುಕನ್ನು ಮಾತ್ರ, ಯಾರ ಹೆಸರನ್ನೂ ಹೇಳದೆ, ಹಿತ್ತಲ ಬೇವಿನ ಬುಡಕ್ಕೆ ಸುರಿದು ಬರುತ್ತಿದ್ದಳು.

"ಅದು ಯಾರ ಪಾಲು, ಅಣ್ಣಾ?"

ಫಕೀರಪ್ಪ ಹಿತ್ತಲ ಬಾಗಿಲತ್ತ ತಿರುಗಿದ. "ನಿನಗಿಂತ ಮೊದಲ ಒಂದು ಕೂಸಿತ್ತು. ತೊಟ್ಟಲಕ್ಕ ಹಾಕಿ ಹೆಸರಿಡೂಕಿಂತ ಮೊದಲ ಹೋತು. ಅಲ್ಲೇ ಮಣ್ಣು ಮಾಡ್ಯಾರ. ಯಾರಿಗೂ ಹೇಳಬ್ಯಾಡ ಅಂದಿದ್ಲು ಅವ್ವ."

ಪಾರವ್ವ ಬೇವಿನ ಬುಡದ ಮಣ್ಣನ್ನು ಬೊಗಸೆಯಲ್ಲಿ ತಂದಳು. ಏಣಿ ಹತ್ತಬೇಕಾಗಲೇ ಇಲ್ಲ. ಎರಡೂ ತೋಳು ಮುಂದೆ ಚಾಚಿ, ಮಲಗಿದ ಕೂಸನ್ನು ಎಬ್ಬಿಸದೆ ಎತ್ತಿಕೊಳ್ಳುವವಳ ಹಾಗೆ, ಅವ್ವ ಮೆಲ್ಲಗೆ ಇಳಿದು ಬಂದಳು.