ತೊಂಬತ್ತೊಂದರವಳು

ತಳ ಹತ್ತಿದ ಹಾಲಿನ ಪಾತ್ರೆಯನ್ನು ಯಜಮಾನರು ಮೂರನೇ ಸಲ ತಿಕ್ಕುತ್ತಿದ್ದರು. ಸೋಪಿನ ಪುಡಿ ಎಷ್ಟು, ಬಿಸಿನೀರು ಎಷ್ಟು ಎಂಬುದಕ್ಕೆ ಅವರದೇ ಒಂದು ಲೆಕ್ಕವಿತ್ತು. ಹೆಂಡತಿ ಮುಂದಿನ ಕೋಣೆಯಲ್ಲಿ, ಉದ್ದನೆಯ ಕತ್ತರಿಸುವ ಮೇಜಿನ ಮುಂದೆ ಕೂತು, ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು.

"ಫಾರಂಗೆ ಸಹಿ ಹಾಕಿದೆಯಾ?" ಅಡುಗೆಮನೆಯಿಂದ ಕೇಳಿದರು.

"ಓದ್ತಾ ಇದ್ದೀನಿ ಕಣ್ರೀ." ಫಾರಂ ಕತ್ತರಿಯ ಕೆಳಗಿತ್ತು.

"ಮೂರು ವಾರದಿಂದ ಓದ್ತಾ ಇದ್ದೀಯ."

"ತೊಂಬತ್ತೊಂದರವಳು ಇನ್ನೆಷ್ಟು ಬೇಗ ಓದಲಿ?"

ಅವರು ಪಾತ್ರೆಗೆ ಮತ್ತೊಂದು ಚಮಚ ಸೋಪಿನ ಪುಡಿ ಉದುರಿಸಿದರು.

ಹನ್ನೊಂದು ವರ್ಷದ ಹಿಂದೆ ಮೇಧಾವಿಗಳ ಕೂಟದ ಐಕ್ಯೂ ಪರೀಕ್ಷೆಗೆ ಹೋದಾಗ, ಜೊತೆಗಿರಲಿ ಎಂದು ಆಕೆಯನ್ನೂ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಆಕೆ ಅರ್ಧ ಹೊತ್ತಿಗೇ ಕಾಗದ ಕೊಟ್ಟು, ಹೊರಗೆ ಹೋಗಿ ಸ್ವೆಟರ್ ಹೆಣೆಯುತ್ತ ಕೂತಳು. ಪಾಪ, ಕೈಲಾಗಲಿಲ್ಲ ಅಂದುಕೊಂಡರು. ಫಲಿತಾಂಶ ಬಂತು. ಅವರಿಗೆ ನೂರಾ ಐವತ್ತೆರಡು, ಆಕೆಗೆ ತೊಂಬತ್ತೊಂದು. ನೂರಾ ಮೂವತ್ತಕ್ಕೆ ಒಂದು ಕಡಿಮೆಯಾದರೂ ಕೂಟದಲ್ಲಿ ಜಾಗವಿಲ್ಲ. ಯಜಮಾನರು ತಮ್ಮ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಆಕೆ ತನ್ನದನ್ನು ಗುಂಡಿ ಡಬ್ಬಿಯ ತಳಕ್ಕೆ ಹಾಸಿದಳು. ಆಮೇಲೆ ಕೂಟದಿಂದ ಆಕೆಯ ಹೆಸರಿಗೆ ಬಂದ ಇನ್ನೊಂದು ಕಾಗದವೂ ಅಲ್ಲಿಗೇ ಸೇರಿತು.

ಅಂದಿನಿಂದ ತಲೆ ಬೇಕಾದ ಕೆಲಸವೆಲ್ಲ ಅವರದಾಯಿತು. ಕರೆಂಟು ಬಿಲ್ಲಿನ ಸಾಲು ಅವರದು. ತರಕಾರಿಯಲ್ಲಿ ಎಳೆಯದು ಬಲಿತದ್ದು ಆರಿಸುವುದು, ಬಣ್ಣ ಬಿಡುವ ಬಟ್ಟೆಯನ್ನು ಬೇರೆ ನೆನೆಸುವುದು, ಕೊನೆಗೆ ಪಾತ್ರೆ ಕೂಡ. "ನನಗೆಲ್ಲಿ ಗೊತ್ತಾಗುತ್ತೆ" ಎಂದು ಆಕೆ ನಿಟ್ಟುಸಿರು ಬಿಟ್ಟರೆ ಸಾಕು, ಅವರು ತೋಳು ಮಡಚಿಕೊಂಡು ಎದ್ದುಬಿಡುತ್ತಿದ್ದರು.

ಈಗ ಕೂಟಕ್ಕೆ ಒಂದು ಕಾಯಂ ಕೋಣೆ ಬೇಕಿತ್ತು. ಸದಸ್ಯರ ಮನೆಯಲ್ಲೇ ಆಗಬೇಕು, ಮನೆಯವರ ಸಹಿಯೂ ಬೇಕು. ಯಜಮಾನರು ಈ ಮುಂದಿನ ಕೋಣೆಯನ್ನು ಕೊಡುತ್ತೇನೆಂದು ಮಾತು ಕೊಟ್ಟು ಬಂದಿದ್ದರು. ಹೊಲಿಗೆ ಮೆಷಿನ್ನಿಗೆ ಮೆಟ್ಟಿಲ ಕೆಳಗೆ ಜಾಗ. ಅಲ್ಲಿ ಹಗಲಲ್ಲೂ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದು.

"ಈ ಕಿಟಕಿ ಹೋದರೆ ನನ್ನ ಕಸುಬೇ ಹೋದ ಹಾಗೆ," ಎಂದು ಆಕೆ ಒಂದೇ ಒಂದು ಸಲ ಹೇಳಿದ್ದಳು.

"ನಿನಗೆ ಅರ್ಥವಾಗಲ್ಲ ಕಣೆ," ಎಂದಿದ್ದರು ಅವರು, ತೀರಾ ಮೆತ್ತಗೆ.

ಪಾತ್ರೆ ಬೆಳಗುವ ಹೊತ್ತಿಗೆ ಗಣಿತದ ಮೇಷ್ಟ್ರೂ ಹಲ್ಲಿನ ಡಾಕ್ಟರೂ ಅಳತೆ ಟೇಪು ಹಿಡಿದು ಬಂದರು. ಇಬ್ಬರೂ ಕೂಟದವರು. ಮೇಜನ್ನು ಹೊರಗೆ ಸಾಗಿಸಬೇಕಿತ್ತು. ಅಳೆದರು. ಬಾಗಿಲಿಗಿಂತ ಮೇಜು ನಾಲ್ಕು ಅಂಗುಲ ಹೆಚ್ಚು. ಓರೆ ಮಾಡಿದರು, ಮಗುಚಿದರು, ಕಾಗದದ ಮೇಲೆ ತ್ರಿಕೋನ ಬರೆದರು. ಕಾಲುಗಳು ಪ್ರತಿ ಸಲವೂ ಚೌಕಟ್ಟಿಗೆ ತಗುಲಿದವು.

"ಹಾಗಾದರೆ ಇದು ಒಳಗೆ ಬಂದದ್ದು ಹೇಗೆ?" ಎಂದರು ಡಾಕ್ಟರು.

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿದರು. "ಮೊದಲು ಮೇಜು ಇಟ್ಟು, ಆಮೇಲೆ ಗೋಡೆ ಕಟ್ಟಿರಬೇಕು. ತರ್ಕಕ್ಕೆ ಬೇರೆ ದಾರಿಯೇ ಇಲ್ಲ."

ಯಜಮಾನರು ತಲೆದೂಗಿದರು. ಮೇಜು ಕೊಂಡ ದಿನ ಅವರು ಇದೇ ಮನೆಯಲ್ಲಿ ಮಲಗಿ ಪೇಪರ್ ಓದುತ್ತಿದ್ದರು.

"ನಿಮಗೇನಾದರೂ ನೆನಪಿದೆಯಾ ಅತ್ತಿಗೆ?" ಎಂದು ಡಾಕ್ಟರು ಕೇಳಿದರು.

"ನನಗೆಲ್ಲಿ ಹೊಳೆಯುತ್ತೆ," ಎಂದಳು ಆಕೆ. ಕೈ ಗುಂಡಿ ಡಬ್ಬಿಯ ಮೇಲಿತ್ತು. ಗುಂಡಿಗಳ ನಡುವೆ ಒಂದು ಪುಟ್ಟ ಸ್ಪ್ಯಾನರ್ ಇತ್ತು, ಮೇಜಿನ ಕಾಲಿನ ನಾಲ್ಕು ಬೋಲ್ಟಿಗೂ ಸರಿಹೋಗುವಂಥದ್ದು. ಮೇಜು ಹೊರಗೆ ಹೋಗದಿದ್ದರೆ ಕೂಟ ಒಳಗೆ ಬರಲಾರದು ಎಂದು ಆಕೆ ನೆಮ್ಮದಿಯಾಗಿದ್ದಳು.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ಕೊಯ್ದುಬಿಡೋಣ. ಸರಿಯಾಗಿ ಮಧ್ಯಕ್ಕೆ. ಭಾನುವಾರ ಗರಗಸ ತರ್ತೀನಿ."

"ಒಂದರ ಬದಲು ಎರಡು ಮೇಜಾಯ್ತು," ಎಂದರು ಡಾಕ್ಟರು.

"ಎರಡೆರಡು ಕಾಲಿನವು," ಎಂದಳು ಆಕೆ.

"ಅದನ್ನ ಆಮೇಲೆ ಯೋಚಿಸೋಣ," ಎಂದರು ಯಜಮಾನರು.

ಅವರಿಬ್ಬರೂ ಹೋದ ಮೇಲೆ ಆಕೆ ಮೇಜಿನ ಮೇಲೆ ಅಂಗೈ ಆಡಿಸಿದಳು. ಮೇಜಿನ ಒಂದು ಮೂಲೆ ಆಕೆಯ ಮೊಣಕೈ ತಾಗಿ ತಾಗಿ ನುಣುಪಾಗಿತ್ತು.

"ಪೆನ್ನು ಕೊಡ್ರೀ. ಸಹಿ ಹಾಕಿಬಿಡ್ತೀನಿ."

ಯಜಮಾನರು ಪೆನ್ನು ತಂದರು, ಅಂಚೆಚೀಟಿಯನ್ನೂ ತಂದರು. ಅಷ್ಟರಲ್ಲಿ ಗುಂಡಿ ಡಬ್ಬಿಯ ಮುಚ್ಚಳ ತೆರೆದಿತ್ತು, ಕೂಟದ ವಿಳಾಸ ಅಚ್ಚಾಗಿದ್ದ ಲಕೋಟೆ ಮೇಜಿನ ಮೇಲೆ ತಯಾರಾಗಿತ್ತು. ಆಕೆ ಸಹಿ ಹಾಕಿ, ಮಡಚಿ, ಅಂಟಿಸಿ ಕೊಟ್ಟಳು.

"ಲಕೋಟೆ ಯಾಕೆ ಇಷ್ಟು ಹಳದಿಯಾಗಿದೆ?"

"ಬಹಳ ದಿನ ಹಾಗೇ ಇಟ್ಟುಬಿಟ್ಟೆ."

"ಕಿಟಕಿಯ ಬಿಸಿಲು," ಎಂದು ಅವರು ತಮಗೆ ತಾವೇ ಉತ್ತರ ಹೇಳಿಕೊಂಡರು. "ಮೂರೇ ವಾರಕ್ಕೆ ನೋಡು."

"ನೀವೇ ಹಾಕಿ ಬನ್ನಿ. ಯಾವ ಪೆಟ್ಟಿಗೆಯಿಂದ ಬೇಗ ತೆಗೀತಾರೋ, ನನಗೆಲ್ಲಿ ಗೊತ್ತಾಗುತ್ತೆ."

ಅವರು ಚಪ್ಪಲಿ ಮೆಟ್ಟಿ ಹೊರಟರು. ಆಕೆ ಅಡುಗೆಮನೆಗೆ ಹೋಗಿ, ಅತಿಥಿಗಳು ಕುಡಿದಿಟ್ಟ ಚಹಾ ಲೋಟಗಳನ್ನು ಚಿಟಿಕೆ ಸೋಪಿನಲ್ಲಿ ಒಂದೇ ಸಲಕ್ಕೆ ತೊಳೆದು ಬೋರಲು ಹಾಕಿದಳು. ಕೈ ಒರೆಸಿಕೊಂಡು ಬಂದು, ಕತ್ತರಿಯ ಕೆಳಗೆ ಇನ್ನೂ ಹಾಗೇ ಇದ್ದ ಫಾರಂ ಎತ್ತಿಕೊಂಡು, ಅದರಲ್ಲಿ ಒಂದು ಕಾಲರಿನ ಅಚ್ಚು ಕತ್ತರಿಸಿದಳು.

ಬೀದಿಯ ತಿರುವಿನಲ್ಲಿ ಯಜಮಾನರು ಟಪಾಲು ಪೆಟ್ಟಿಗೆಯ ಮೇಲಿನ ವೇಳೆ ಓದಿ, ಗಡಿಯಾರ ನೋಡಿಕೊಂಡು, ಹನ್ನೊಂದು ವರ್ಷದ ಹಿಂದೆ ಕೂಟದವರು ಆಕೆಗೆ ಬರೆದಿದ್ದ ಕಾಗದವನ್ನು ಒಳಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಎರಡು ಸಲ ತಟ್ಟಿದರು. ಕಾಗದದಲ್ಲಿ ಹೀಗಿತ್ತು: "ಕ್ಷಮಿಸಿ, ಪಕ್ಕಪಕ್ಕ ಕುಳಿತಿದ್ದ ನಿಮ್ಮ ಮತ್ತು ನಿಮ್ಮ ಯಜಮಾನರ ಅಂಕಗಳು ನಮ್ಮ ಕೈತಪ್ಪಿನಿಂದ ಅದಲುಬದಲಾಗಿವೆ, ತಿದ್ದಲು ತಮ್ಮ ಅಭ್ಯಂತರವಿಲ್ಲದಿದ್ದರೆ ಕೆಳಗೆ ಸಹಿ ಮಾಡಿ ಹಿಂದಿರುಗಿಸಿ."