ಹಾಳೆಯ ಕೊನೆಯ ಸಾಲು

ಮಹಾಂತ ಸುಳ್ಳು ಹೇಳುತ್ತಿದ್ದಾನೆ. ಗುಡ್ಡಾಪುರದ ಬಸ್ಸು ಹತ್ತುವ ಹೊತ್ತಿಗೆ ಸುಭಾನನಿಗೆ ಆ ಬಗ್ಗೆ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ.

ಬೆಳಿಗ್ಗೆ ಫೋನಿನಲ್ಲಿ ಆಡಿದ ಮಾತೇ ಸಾಕ್ಷಿ. "ನಾವು ದಿನಾ ಬರ್ಯಾಕತ್ತೀವೋ ಮಾರಾಯಾ. ನೀನ ಮಾತಾಡವಲ್ಲಿ" ಎಂದಿದ್ದ. ಎಂಥ ನಾಲಿಗೆ! ಇಪ್ಪತ್ಮೂರು ದಿನಗಳಿಂದ ಸುಭಾನನ ಕಂಪ್ಯೂಟರಿಗೆ ಯಾರಿಂದಲೂ ಒಂದು ಹಾಳೆಯೂ ಬಂದಿರಲಿಲ್ಲ. ಪರದೆಯ ಮೂಲೆಯಲ್ಲಿ 'ಜೊತೆಗಿರುವವರು' ಎಂಬಲ್ಲಿ ಒಂದು ಸೊನ್ನೆ ಬಂದು ಕೂತುಬಿಟ್ಟಿತ್ತು. ಮುಚ್ಚಂಡಿಯ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅವನು ಬಾಗಿಲು ತೆಗೆದ ಕೂಡಲೇ ನೋಡುವುದು ಆ ಸೊನ್ನೆಯನ್ನು. ಬೀಗ ಹಾಕುವ ಮುನ್ನ ನೋಡುವುದೂ ಅದನ್ನೇ.

ನಾಲ್ವರೂ ಒಂದೇ ವರ್ಗದಲ್ಲಿ ಓದಿದವರು. ಸುಭಾನ, ಗುಡ್ಡಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಮಹಾಂತ, ಬೆಳುಂಕಿಯ ಸಾತಪ್ಪ, ಜತ್ತದ ಅನುರಾಧಾ. ಊರೂರಿಗೆ ಚದುರಿದ ಮೇಲೆ ಅವರಿಗೊಂದು ಹುಚ್ಚು ಹಿಡಿಯಿತು: ತಮ್ಮದೇ ಒಂದು ಕ್ರಿಪ್ಟೋ ನಾಣ್ಯ. ಹೆಸರು ಮುಯ್ಯಿ. ಒಬ್ಬರ ಹೊಲದಲ್ಲೋ ಮನೆಯಲ್ಲೋ ಒಂದು ದಿನ ದುಡಿದು ಬಂದರೆ ಒಂದು ಮುಯ್ಯಿ. ಸಂತೆಯಲ್ಲಿ ಅದಕ್ಕೆ ಒಂದು ಹಸಿಮೆಣಸಿನಕಾಯಿಯೂ ಬಾರದು. ಆದರೆ ಪದ್ಧತಿ ಪಕ್ಕಾ. ನಾಲ್ಕು ಕಡೆ ನಾಲ್ಕು ಕಂಪ್ಯೂಟರ್. ಪಾಳಿ ಯಾವುದಕ್ಕೆ ಒಲಿಯುತ್ತದೋ ಅದು ಲೆಕ್ಕದ ಪುಸ್ತಕದ ಮುಂದಿನ ಹಾಳೆ ಬರೆಯಬೇಕು. ಉಳಿದ ಮೂರೂ ನಿಯಮಕ್ಕೆ ಸರಿಯಿದೆಯೇ ಎಂದು ನೋಡಿ ಪೋಣಿಸಿಕೊಳ್ಳಬೇಕು. ಯಜಮಾನ ಅಂತ ಯಾರೂ ಇಲ್ಲ.

ಹಾಳೆಯ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಅದಕ್ಕೆ ಕೈ ಹಾಕಿದವಳು ಸುಭಾನನ ಹೆಂಡತಿ ರಹಿಮಾ. ಗಂಡ ಚಹಾ ಕುಡಿಯಲು ಎದ್ದಾಗ ಕೂತು, 'ಊಟಾ ಆತೇನ್ರಿ ಎಲ್ಲಾರ್ದೂ?' ಎಂದು ಬರೆದೇ ಬಿಟ್ಟಳು. ಈ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿರಲು ಬರುತ್ತದೆಯೇ? ಮುಂದಿನ ಹಾಳೆಯಲ್ಲಿ ಸಾತಪ್ಪ, 'ಆತ್ರಿ ಭಾಬಿ, ಬದನಿಕಾಯಿ ಎಣಗಾಯಿ' ಎಂದ. ಅಂದಿನಿಂದ ಅದೇ ರೂಢಿಯಾಯಿತು. ಕೊನೆಯ ಸಾಲಿಲ್ಲದ ಹಾಳೆಯನ್ನು ಯಾರೂ ಕಳಿಸುತ್ತಿರಲಿಲ್ಲ.

ರಹಿಮಾ ಹೋಗಿಬಿಟ್ಟಳು. ಮೂರು ದಿನದ ಜ್ವರ, ಅಷ್ಟೇ. ನಲವತ್ತನೆಯ ದಿನದ ಫಾತಿಹಾ ಮುಗಿಸಿ ಅಂಗಡಿ ತೆರೆದರೆ ಪರದೆಯ ಮೇಲೆ ಅವಳದೇ ಮಾತು, ಮಂದಿಯ ಕೈಯಿಂದ. ಸುಭಾನನಿಗೆ ಕರುಳು ಕಿತ್ತು ಬಂತು. ಅಂದೇ ಕೂತು ತನ್ನ ಕಂಪ್ಯೂಟರಿಗೆ ಹೊಸ ನಿಯಮ ಬರೆದ: ಇನ್ನು ಹಾಳೆಯಲ್ಲಿ ಬರೀ ಅಂಕಿ, ಅಕ್ಷರ ಬೇಡ. ಗೆಳೆಯರಿಗೆ ಮಾತ್ರ, "ಹಾಳಿ ಭಾಳ ಭಾರ ಆಗಾಕತ್ತಾವ" ಎಂದು ನೆಪ ಹೇಳಿದ.

"ಹೊಸಾದು ಹಾಕ್ಕೊಂಡ್ರ ಹಾಕ್ಕೋರಿ, ಬಿಟ್ರ ಬಿಡ್ರಿ" ಎಂದೂ ಹೇಳಿದ್ದ. "ನನ್ನ ಬರೀ ಅಂಕಿ ಹಾಳಿ ನಿಮ್ಮ ಹಳೀ ಪದ್ಧತಿಗೂ ನಡೀತಾವ. ಯಾರೂ ಹೊರಗ ಉಳ್ಯಾಂಗಿಲ್ಲ."

"ಯಾರೂ ಅಂದ್ರ ಯಾರೂ?" ಎಂದು ಅನುರಾಧಾ ಕೇಳಿದ್ದಳು.

"ಯಾರೂ ಇಲ್ಲಬೇ" ಎಂದಿದ್ದ. ಮೂರು ಸಲ ಪರೀಕ್ಷೆ ಮಾಡಿಯೂ ನೋಡಿದ್ದ. ಅವನ ಹಾಳೆ ಅವರಿಗೆ ಸಲ್ಲುತ್ತಿತ್ತು.

ಅದರ ಮರುದಿನದಿಂದಲೇ ಮೂವರೂ ಮಾಯ. ಅವನ ಕಂಪ್ಯೂಟರ್ ತಾನೇ ಹಾಳೆ ಬರೆದು, ತಾನೇ ಒಪ್ಪಿ, ತಾನೇ ಪೋಣಿಸಿಕೊಳ್ಳುತ್ತ ಕೂತಿತು. ಅವನ ಬಾಳುವೆಯೂ ಅಷ್ಟೇ ಆಗಿತ್ತು. ಎರಡು ರೊಟ್ಟಿ ತಟ್ಟಿಕೊಂಡು ಒಲೆಯ ಮುಂದೆ ನಿಂತೇ ತಿನ್ನುವುದು. ಒಂದೊಂದು ದಿನ ಅದೂ ಇಲ್ಲ. ಉಂಡೆಯಾ ಎಂದು ಕೇಳುವ ಒಂದು ಜೀವ ಈ ಭೂಮಿಯ ಮೇಲೆ ಉಳಿದಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ಆ ಮಾತು ಬೇಡವೆಂದವನು ತಾನೇ. ಈಗ ಅದಕ್ಕೇ ಹಸಿದಿದ್ದ. ಗೆಳೆಯರು ನಡುವೆ ಎರಡು ಸಲ ಫೋನ್ ಮಾಡಿದಾಗಲೂ ಬಿಗುಮಾನ ಬಿಡಲಿಲ್ಲ. "ಚಲೋ ಅದೀನಿ" ಎಂದು ಕತ್ತರಿಸಿದ್ದ. ಹಾಳೆಯಲ್ಲಿ ಜೊತೆ ಬಿಟ್ಟವರಿಗೆ ಫೋನಿನಲ್ಲಿ ಎಂಥ ಅಕ್ಕರೆ?

ಬಸ್ಸಿಳಿದವನು ದಾನಮ್ಮದೇವಿಯ ಗುಡಿಯ ಬೀದಿಯಲ್ಲಿ ನೆಟ್ಟಗೆ ಮಹಾಂತನ ಅಂಗಡಿಗೆ ನುಗ್ಗಿದ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ದಾರಿಯುದ್ದಕ್ಕೂ ಮಹಾಂತನನ್ನು ಬೈದುಕೊಂಡೇ ಬಂದಿದ್ದ.

"ಬಾರೋ ಸುಭಾನ. ಕುಂದ್ರು, ಚಾ ಹೇಳ್ತೀನಿ."

"ಕುಂದ್ರಾಕ ಬಂದಿಲ್ಲ. ನಿನ್ನ ಕಂಪ್ಯೂಟರ್ ತೋರಸು."

ಮಹಾಂತ ಪರದೆ ತಿರುಗಿಸಿದ. ಜೊತೆಗಿರುವವರು: ಎರಡು. ಪುಸ್ತಕ ಸತ್ತಿರಲಿಲ್ಲ. ಮೂವರ ಹಾಳೆಗಳು ಒಂದರ ಹಿಂದೊಂದು, ನಿನ್ನೆಯವು, ಇಂದಿನವು, ಈಗಷ್ಟೇ ಬಂದದ್ದು. ಅವುಗಳಲ್ಲಿ ಸುಭಾನನ ಹಾಳೆ ಒಂದೂ ಇರಲಿಲ್ಲ.

"ನೀವ ಮೂರು ಮಂದಿ ಕೂಡಿ ಬ್ಯಾರೆ ನಡಸೀರಿ" ಎಂದ. "ಉಣ್ಣೂ ಪಂಕ್ತ್ಯಾಗಿಂದ ಎಬ್ಬಿಸಿ ಕಳಿಸಿದ್ರಲ್ಲೋ ನನ್ನ."

"ಬೈಯೂದು ಆಮ್ಯಾಲ ಬೈಯಿ. ಮೊದಲ ಕೆಳಗಿನ ಸಾಲು ಓದು."

ಸುಭಾನ ಓದಿದ. ಇಪ್ಪತ್ಮೂರು ದಿನದ ಹಾಳೆಗಳು, ಒಂದೊಂದರ ಕೆಳಗೂ ಒಂದೊಂದು ಸಾಲು. ಸಾತಪ್ಪನದು: 'ಸುಭಾನ, ಊಟಾ ಆತೇನೋ?' ಅನುರಾಧಾಳದು: 'ಸುಭಾನ, ಎರಡು ತುತ್ತರ ಉಣ್ಣು, ಹಂಗ ಮಲಗಬ್ಯಾಡ.' ಮಹಾಂತನದು: 'ಭಾಬಿ ಇದ್ದಿದ್ರ ಕೇಳ್ತಿದ್ರು, ಅದಕ್ಕ ಪಾಳಿ ಮ್ಯಾಲೆ ನಾವು ಕೇಳಾಕತ್ತೀವಿ. ಊಟಾ ಆತೇನೋ?'

"ಒಂದು ಸಲನೂ ಹೂಂ ಅನ್ನಲಿಲ್ಲಲ್ಲೋ ನೀನು" ಎಂದ ಮಹಾಂತ.

ಅಕ್ಷರವಿರುವ ಹಾಳೆ ಯಾರಿಂದಲೇ ಬರಲಿ, ಓದದೆ ಹರಿದು ಹಾಕು, ಕಳಿಸಿದವರೊಡನೆ ಹೋಗಿಬರುವ ಬಾಗಿಲನ್ನೇ ಮುಚ್ಚು ಎಂದು ತನ್ನ ಕಂಪ್ಯೂಟರಿಗೆ ಕಲಿಸಿಕೊಟ್ಟವನು ಸುಭಾನನೇ ಆಗಿದ್ದ.