ಅರಿಶಿನ ಕೆಂಪಾದ ಮಧ್ಯಾಹ್ನ

ಬಟ್ಟೆ ಸೋಪಿನ ವಾಸನೆ ಬಂದರೆ ಈಗಲೂ ಬಸವಕಲ್ಯಾಣದ ನಮ್ಮ ಹಿತ್ತಲು ನೆನಪಾಗುತ್ತದೆ.

ಅಕ್ಕನ ನಿಶ್ಚಿತಾರ್ಥದ ಹಿಂದಿನ ದಿನ. ಮದುವೆಯಾದ ಮೇಲೆ ಓದು ಬೇಡವೆಂದು ಬೀಗರು ಹೇಳಿದ್ದರು, ಅಪ್ಪ ಒಪ್ಪಿದ್ದ. ಅಪ್ಪನ ಬಿಳಿ ಧೋತರಕ್ಕೆ ಅಂಟಿದ್ದ ಅರಿಶಿನವನ್ನು ಅಜ್ಜಿ ಸೋಪು ಹಚ್ಚಿ ತಿಕ್ಕಿದಳು. ಕಲೆ ಕೆಂಪಾಯಿತು.

"ಅಯ್ಯ ಶಿವನೆ, ಶುಭಕಾರ್ಯದಾಗ ರಗತ!" ಎಂದು ಅಜ್ಜಿ ಧೋತರ ಕೈಬಿಟ್ಟಳು.

ಹುಮನಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಅಕ್ಕ ಅದರ ಮೇಲೆ ನಿಂಬೆಹಣ್ಣು ಹಿಂಡಿದಳು. ಕೆಂಪು ಮತ್ತೆ ಹಳದಿಯಾಯಿತು.

"ಸೋಪು ಹತ್ತಿದ್ರ ಕೆಂಪ, ಹುಳಿ ಹತ್ತಿದ್ರ ಹಳದಿ. ಇದು ರಸಾಯನಶಾಸ್ತ್ರ, ಅಜ್ಜಿ."

ಅಜ್ಜಿ ತನ್ನ ಅಂಗೈಗೇ ಅರಿಶಿನ ಬಳಿದುಕೊಂಡು ಸೋಪು ಹಚ್ಚಿದಳು, ನಿಂಬೆ ಹಿಂಡಿದಳು, ಮತ್ತೆ ಸೋಪು ಹಚ್ಚಿದಳು. ಅಂಗೈ ಕೆಂಪಾಯಿತು, ಹಳದಿಯಾಯಿತು, ಮತ್ತೆ ಕೆಂಪಾಯಿತು.

"ಅಲ್ಲಿ ಇನ್ನೂ ಏನೇನ್ ಕಲಿಸ್ತಾರವ್ವ?" ಎಂದು ಅಕ್ಕನನ್ನು ಕೇಳಿದಳು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು.

"ನಾಳೆ ಬೀಗರು ಬಂದ್ ಕೂಡ್ಲೇ ಹೇಳು. ಈಕಿ ಕಾಲೇಜ ಬಿಡೂದಿಲ್ಲ."